ಇಳಿದು ಹೋಗುವ ಗಿರ್ಜಾ

ಪಾದ್ರಿ ಸಾಹೇಬರ ಬಿಳಿ ಹುಬ್ಬಿನಲ್ಲಿ ಸದಾ ಬೀದರಿನ ಕೆಂಪು ಜಂಬಿಟ್ಟಿಗೆಯ ಧೂಳು ಕೂತಿರುತ್ತಿತ್ತು. ಗಿರ್ಜಾ, ಎಂದರೆ ಚರ್ಚು, ಕಟ್ಟಿಸುತ್ತಿದ್ದರು, ಗೋಡೆ ಕಟ್ಟುವ ಗೌಂಡಿಗಳ ನಡುವೆಯೇ ಅವರ ವಾಸ. ಭಾಲ್ಕಿಯವನಾದ ನಾನು ಅವರಿಗೆ ಕನ್ನಡ ಕಲಿಸುವ ಮುನ್ಷಿ. ಮಾತಿನ ಕೊನೆಗೆ ‘ರಿ’ ಹಚ್ಚಿದರೆ ಮರ್ಯಾದೆ ಎಂದು ಹೇಳಿಕೊಟ್ಟಿದ್ದೇ ತಡ, ಕಲ್ಲು ಹೊರುವ ಕತ್ತೆಗೂ "ಸ್ವಲ್ಪ ಸರೀರಿ" ಎನ್ನತೊಡಗಿದರು ಪುಣ್ಯಾತ್ಮರು.

ಪಾಠ ಎಲ್ಲಿ ಶುರುವಾದರೂ ಮುಗಿಯುತ್ತಿದ್ದುದು ಇಂಗ್ಲೆಂಡಿನ ಅವರ ಹಳ್ಳಿಯ ಗಿರ್ಜಾದಲ್ಲೇ. ಅದರ ಬೀಗದ ಕೈ ಅವರಪ್ಪನ ಬಳಿ ಇರುತ್ತಿತ್ತಂತೆ. ಗೋಡೆ ಕಟ್ಟಿದವರ ಮರಿಮಕ್ಕಳ ಕಾಲಕ್ಕೆ ಗೋಪುರ ಎದ್ದದ್ದು. ಒಳಗಿನ ಚಿತ್ರಗಳಿಗೆ ಯಾವುದೋ ಮತದ ಜಗಳದಲ್ಲಿ ಸುಣ್ಣ ಬಳಿದಿದ್ದರು. ಸುಣ್ಣ ಉದುರಿದಲ್ಲಿ ಸಂತನೊಬ್ಬನ ಕಣ್ಣು ಇಣುಕುತ್ತಿತ್ತಂತೆ. ಬೀದರಿನ ಹಳೆಯ ಮದರಸಾದ ಚೂಪು ಕಮಾನು ತೋರಿಸಿದ ದಿನ, "ನಮ್ಮೂರ ಕಿಡಕಿ ಇಲ್ಲೇ ಐತಲ್ರಿ ಮುನ್ಷಿಯವರ" ಎಂದು ಹಿಗ್ಗಿದ್ದರು.

ಅವರೂರಿನ ಆ ಗಿರ್ಜಾಕ್ಕೆ ಮೆಟ್ಟಿಲು ಇಳಿದು ಹೋಗಬೇಕಿತ್ತು. ಅದೇ ಪ್ರೀತಿಯಿಂದ ಇಲ್ಲಿಯೂ ನೆಲ ಅಗೆಸಿ ಮೆಟ್ಟಿಲು ಇಳಿಸಿದರು. ಮೊದಲ ಪ್ರಾರ್ಥನೆಗೆ ಸುತ್ತಲ ಹಳ್ಳಿಗಳ ಜನ ಬಂದರು, ಬಾಗಿಲಲ್ಲೇ ನಿಂತರು. ಒಬ್ಬರೂ ಇಳಿಯಲಿಲ್ಲ. ಸಾಹೇಬರ ಮುಖ ಬಾಡಿತು.

"ಯಾಕರಿ, ಒಳಗ ಬರ್ರಿ," ಎಂದು ಕರೆದರು.

ಕುರಿ ಸಾಕುವ ಕಮಠಾಣದ ಮುದುಕಿಯೊಬ್ಬಳು ಸೆರಗು ಸರಿಮಾಡಿಕೊಂಡಳು. "ದೇವರ ಮನಿಗಿ ಏರಿ ಹೋಗ್ತಾರರಿ ಸಾಹೇಬ್ರ. ಇಳದು ಹೋಗೂದು ಗೋರಿಗಿ."

ಸಾಹೇಬರು ವಿವರಿಸಿ ನೋಡಿದರು. ಅವರೂರಿನ ಗಿರ್ಜಾವನ್ನೂ ತಗ್ಗಿನಲ್ಲಿ ಕಟ್ಟಿರಲಿಲ್ಲ. ಅಂಗಳದಲ್ಲಿ ತಲೆತಲಾಂತರದಿಂದ ಸತ್ತವರನ್ನು ಹೂಳುತ್ತ ಬಂದು ಸುತ್ತಲಿನ ನೆಲವೇ ಏರಿತ್ತು.

"ಅಲ್ಲಿ ಸತ್ತೋರು ನೆಲಾ ಏರ್ಸ್ಯಾರ," ಎಂದಳು ಮುದುಕಿ. "ಇಲ್ಲಿ ಇನ್ನಾ ಬದುಕಿದೋರೇ ಬಂದಿಲ್ಲಲ್ರಿ."

ಸಾಹೇಬರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಸಿಟ್ಟಾದರೇನೋ ಎಂದುಕೊಂಡೆ. ಕಾಲಡಿಯ ಮೆಟ್ಟಿಲು ತಟ್ಟಿ ನಕ್ಕರು. "ಅವ್ವಾರು ಖರೇ ಹೇಳ್ತಾರರಿ."

ಮರುದಿನದಿಂದ ತಗ್ಗಿಗೆ ಮೊರಮು ಮಣ್ಣು ತುಂಬಿಸಿ ಮೆಟ್ಟಿಲು ಮುಚ್ಚಿಸಿದರು, ಮೇಲೆ ಕಟ್ಟೆ ಏರಿಸಿದರು. ತಾವೇ ಬುಟ್ಟಿ ಹೊತ್ತರು. "ನಮ್ಮಪ್ಪನ ಗಿರ್ಜಾ ಅಲ್ಲೇ ಇರ್ಲಿರಿ," ಎನ್ನುವಾಗ ಮಾತ್ರ ಕಣ್ಣು ತುಂಬಿತ್ತು. ಕಟ್ಟೆ ಮುಗಿದ ಐತವಾರ ಮುದುಕಿಯೇ ಮೊದಲು ಏರಿ, ಮುಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು.

ಸಾಹೇಬರು ಊರಿಗೆ ಮರಳಲಿಲ್ಲ, ಬೀದರಿನಲ್ಲೇ ತೀರಿಕೊಂಡರು. ನಮ್ಮ ಲಿಂಗವಂತರಲ್ಲೂ ಹೂಳುವುದೇ ವಾಡಿಕೆ. ಅವರ ಗೋರಿಗೆ ನಾನೂ ಒಂದು ಹಿಡಿ ಮಣ್ಣು ಹಾಕಿ ಭಾಲ್ಕಿಗೆ ಮರಳಿದೆ.

ನಮ್ಮ ಮನೆಗೆ ಅಪ್ಪ ಗಿಡ್ಡ ಬಾಗಿಲು ಇಡಿಸಿದ್ದ, ಬಂದವರೆಲ್ಲ ತಲೆಬಾಗಲೆಂದು. ಎತ್ತರಿಸೋಣ ಎಂದು ಹೆಂಡತಿ ಅಂದಾಗೆಲ್ಲ, ಅಪ್ಪನ ಬಾಗಿಲು ಎಂದು ಬಾಯಿ ಮುಚ್ಚಿಸುತ್ತಿದ್ದೆ. ಆ ವಾರವೇ ಗೌಂಡಿಯನ್ನು ಕರೆಸಿದೆ.

"ಮಾವನೋರು ಇಡ್ಸಿದ್ದಲ್ರಿ ಅದು?" ಎಂದಳು ಆಕೆ, ನಂಬಲಾರದೆ.

"ಹೌದು," ಎಂದೆ. "ನೀ ತಲಿ ಎತ್ತಿ ಬಾ."