ತಾತನ ಅರ್ಧ ತೋಳಿನ ಅಂಗಿ

ಗೆಳೆಯರೇ, ಇವತ್ತು ಸಿಂಧನೂರಿನ ನೀಟ್ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಪಕ್ಕದ ಮನೆಯ ರೇಣುಕಾಳನ್ನು ತಡೆದರು.

"ತುಂಬು ತೋಳು ನಡಿಯಂಗಿಲ್ಲಮ್ಮ. ತೋಳಾಗ ಚೀಟಿ ಇಟ್ಕೊಂಡಿರ್ತೀರಿ."

ಚೀಟಿಯಂತೆ! ಗೇಟು ಮುಚ್ಚುವ ಹೊತ್ತು, ಹುಡುಗಿ ಅಳತೊಡಗಿದಳು. ಜೊತೆಗೆ ಬಂದಿದ್ದ, ತೊಂಬತ್ತರ ದಶಕದಲ್ಲಿ ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದ ಅವಳ ತಾತ ತನ್ನ ಅರ್ಧ ತೋಳಿನ ಅಂಗಿಯನ್ನೇ ಬಿಚ್ಚಿಕೊಟ್ಟ. "ಇದನ್ನ ಹಾಕ್ಕೊಂಡು ಹೋಗವ್ವಾ." ಅವಳು ಮರೆಯಲ್ಲಿ ಬದಲಿಸಿಕೊಂಡು ಒಳಗೆ ಓಡಿದಳು.

ಬನಿಯನ್ನಿನಲ್ಲಿ ನಿಂತ ತಾತ ಕಾವಲುಗಾರನಿಗೆ ಹೇಳಿದ: "ಸಾಹೇಬ್ರ, ನಮ್ಮನ್ನ ಗಣಿಯಿಂದ ಹೊರಗ ಬರುವಾಗ ತಡಕ್ತಿದ್ರು, ಚಿನ್ನ ಒಯ್ತೀವಂತ. ಒಳಗ ಹೋಗೋರನ್ನ ತಡಕೋದು ಇಲ್ಲೇ ನೋಡಿದೆ ನೋಡ್ರಿ."

ಅದೇ ತೊಂಬತ್ತರ ದಶಕದಲ್ಲಿ ನಾನೂ ಅಖಿಲ ಭಾರತ ವೈದ್ಯಕೀಯ ಪ್ರವೇಶ ಪರೀಕ್ಷೆ ಬರೆದವನು. ತುಂಬು ತೋಳು, ಬೂಟು, ಕೈಗಡಿಯಾರ ಎಲ್ಲವೂ ಇದ್ದವು. ಯಾರೂ ತಡಕಲಿಲ್ಲ. ತಲೆಯನ್ನೇ ತಡಕಿದ್ದರೂ ಏನೂ ಸಿಗುತ್ತಿರಲಿಲ್ಲ ಎಂಬುದು ಫಲಿತಾಂಶ ಬಂದಾಗ ಗೊತ್ತಾಯಿತು.