ಗೋಡೆಯೊಳಗೆ ಬರೆದ ಬೈಗುಳ

ಗಿಲ್ಡೊ ಫುರ್ತಾಡೊನನ್ನು ತಕ್ಕಡಿಗೆ ಹಾಕಿದರೆ ಬೂಟು, ಬೆಲ್ಟು, ರೆಂಚು ಎಲ್ಲ ಸೇರಿ ನೂರ ನಲವತ್ತು ಪೌಂಡು ತೂಗಬಹುದು. ಎತ್ತರ ಕಡಿಮೆ, ಸಿಂಕಿನ ಕೆಳಗೆ ನುಗ್ಗಲು ಅನುಕೂಲ. ಬಾಯಿ ಹಳೇ ನಲ್ಲಿಯ ಹಾಗೆ, ಎಷ್ಟು ತಿರುಗಿಸಿದರೂ ತೊಟ್ಟಿಕ್ಕುವುದು ನಿಲ್ಲುವುದಿಲ್ಲ. ನಿಂತಲ್ಲಿ ನಿಲ್ಲುವ ಗುಣವಂತೂ ಇಲ್ಲವೇ ಇಲ್ಲ. ಕೌಂಟರಿನ ಮುಂದೆ ಬಿಲ್ಲಿಗೆ ಕಾಯುವ ಎರಡು ನಿಮಿಷದಲ್ಲಿ ನನ್ನ ಅಂಗಡಿಯ ಎಲ್ಲ ಡಬ್ಬಿಗಳನ್ನೂ ಒಮ್ಮೆ ಮುಟ್ಟಿ ಬರುತ್ತಿದ್ದ. ಮೂವತ್ತು ವರ್ಷ ಪೈಪು ಮಾರಿದವನು ನಾನು. ಇಂಥ ಮಾಲು ಮಾರಾಟಕ್ಕೆ ಬಂದರೆ ಅರ್ಧ ಬೆಲೆಗೆ ಕೇಳಿ ಕಾಲು ಬೆಲೆಗೆ ಕೊಳ್ಳುತ್ತಿದ್ದೆ.

ಅಮೆರಿಕದ ಫಾಲ್ ರಿವರ್ ಊರಲ್ಲಿ, ನಮ್ಮ ಪೋರ್ಚುಗೀಸರೇ ತುಂಬಿರುವ ಕೊಲಂಬಿಯಾ ಬೀದಿಯಲ್ಲಿ ನನ್ನ ಅಂಗಡಿ ಬೆಳಿಗ್ಗೆ ಆರೂವರೆಗೆ ತೆರೆಯುತ್ತದೆ. ಆರೂ ಇಪ್ಪತ್ತಕ್ಕೇ ಗಿಲ್ಡೊ ಬಾಗಿಲ ಮುಂದೆ ಕಾಲು ಬದಲಿಸುತ್ತ ನಿಂತಿರುತ್ತಿದ್ದ. ಅವನು ಕೂಲಿಗಿದ್ದದ್ದು ಹೆಂಡತಿಯ ಅಣ್ಣ ನೊರ್ಬೆರ್ಟೊ ಮೆದೈರೋಸ್ ಎಂಬ ಪ್ಲಂಬಿಂಗ್ ಕಂಟ್ರಾಕ್ಟರನ ಹತ್ತಿರ. ಮಾಲು ಒಯ್ಯುವ ಮೊದಲು, ಪೈಪು ತಿರುಗುವಲ್ಲಿ ಕೂಡಿಸುವ ಒಂದೊಂದು ಎಲ್ಬೋವನ್ನೂ ದೀಪಕ್ಕೆ ಹಿಡಿದು ನೋಡುವನು.

"ಸೆನ್ಯೋರ್ ರಪೋಸೊ, ಇದು ಎಲ್ಬೋ ಅಲ್ಲ. ಕೈ ಮುರ್ಕೊಂಡವನ ಎಕ್ಸ್‌ರೇ."

"ತಗೊಳ್ಳೋದಾದ್ರೆ ತಗೋ. ಇಲ್ದಿದ್ರೆ ಪ್ರಾವಿಡೆನ್ಸಿಗೆ ಹೋಗಿ ಚಿನ್ನದ್ದು ತಗೊಂಬಾ."

ನನ್ನ ಮನೆಯ ಬಚ್ಚಲಿಗೆ ಪೈಪು ಹಾಕಲು ಒಮ್ಮೆ ಅವನನ್ನೇ ಕರೆದಿದ್ದೆ. ಗೋಡೆ ಮುಚ್ಚುವ ಮುಂಚೆ ಜೇಬಿನಿಂದ ಕಪ್ಪು ಮಾರ್ಕರ್ ತೆಗೆದು ತಾಮ್ರದ ಪೈಪಿನ ಮೇಲೆ ಏನೋ ಬರೆಯತೊಡಗಿದ.

"ಏನಯ್ಯಾ ಇದು? ಪೈಪಿಗೆ ಕಾಗದ ಬರೀತಿದ್ದೀಯಾ?"

"ಗೋಡೆ ಮುಚ್ಚಿದ್ಮೇಲೆ ನಮ್ಮ ಕೆಲ್ಸ ಯಾರು ನೋಡ್ತಾರೆ ಸೆನ್ಯೋರ್? ಮುಂದೆ ಯಾವನೋ ಪ್ಲಂಬರ್ ಇದನ್ನ ಒಡೀತಾನಲ್ಲ, ಅವನಿಗೆ ಗೊತ್ತಾಗ್ಲಿ. ಯಾವ ದಿನ, ಯಾರ ಕೈ, ಯಾವ ಅಂಗಡಿ ಮಾಲು ಅಂತ."

"ಅದಕ್ಕೆ ಪೋರ್ಚುಗೀಸ್ ಯಾಕೆ? ಇಂಗ್ಲಿಷಲ್ಲಿ ಬರಿ."

"ನನ್ನ ಇಂಗ್ಲಿಷ್ ನೋಡಿದ್ರೆ ಪೈಪೂ ಸರಿ ಇಲ್ಲ ಅಂದ್ಕೊಳ್ತಾನೆ."

ಈ ಕತೆ ಹೇಳಿಕೊಂಡು ಒಂದು ವಾರ ಗಿರಾಕಿಗಳನ್ನು ನಗಿಸಿದೆ.

ಆಮೇಲೆ ಊರಿನ ಹೊಸ ಸರಕಾರಿ ಶಾಲೆಯ ಕಟ್ಟಡ ಬಂತು. ದೊಡ್ಡ ಕಂಟ್ರಾಕ್ಟರ್ ಬಾಸ್ಟನ್ನಿನವನು. ಅವನ ಕೆಳಗೆ ಪ್ಲಂಬಿಂಗ್ ಕೆಲಸ ನೊರ್ಬೆರ್ಟೊನದು. ನೊರ್ಬೆರ್ಟೊಗೆ ಪೈಪು ನನ್ನದು, ಒಂಬತ್ತು ತಿಂಗಳು, ಸಾಲದ ಮೇಲೆ. ನನ್ನ ಲಾರಿಯವನು ಬೆಳಿಗ್ಗೆ ಐದಕ್ಕೇ ಶಾಲೆಯ ಗೇಟಿನ ಬಳಿ ಮಾಲು ಇಳಿಸಿ ಬರುತ್ತಿದ್ದ. ಆ ಹೊತ್ತಿಗೆ ಮಾಲು ತಲುಪಿತೆಂಬ ಚೀಟಿಗೆ ಸಹಿ ಹಾಕಲು ಅಲ್ಲಿ ಯಾರಿರುತ್ತಾರೆ?

"ಸೈ ಹಾಕಿಸ್ಕೊಳ್ಳಿ ಸೆನ್ಯೋರ್," ಎಂದು ಗಿಲ್ಡೊ ಎರಡು ಸಲ ಹೇಳಿದ್ದ. "ಎಂಟು ಗಂಟೆಗೆ ಕಳಿಸಿ, ನಾನೇ ಹಾಕ್ತೀನಿ."

ಎಂಟಕ್ಕೆ ಕಳಿಸಿದರೆ ಲಾರಿ ಟ್ರಾಫಿಕ್ಕಿನಲ್ಲಿ ಸಿಕ್ಕಿ ಒಂದು ಗಂಟೆ ಹಾಳು. ಆ ಒಂದು ಗಂಟೆಯನ್ನು ಉಳಿಸಿದ ಬುದ್ಧಿವಂತ ನಾನು.

ಕೊನೆಯ ಲೋಡು ಸೆಪ್ಟೆಂಬರಿನಲ್ಲಿ ಹೋಯಿತು. ಬಾಕಿ ಮೂವತ್ತೆಂಟು ಸಾವಿರದ ನಾನೂರು ಡಾಲರ್. ನೊರ್ಬೆರ್ಟೊ ಶಾಲೆಯ ದುಡ್ಡನ್ನು ಆಗಲೇ ಇನ್ನೊಂದು ಕೆಲಸಕ್ಕೆ ಸುರಿದಿದ್ದ: ಹಳೇ ಬಟ್ಟೆ ಗಿರಣಿಯೊಂದನ್ನು ಅಪಾರ್ಟ್‌ಮೆಂಟ್ ಮಾಡುವ ಖಾಸಗಿ ಕೆಲಸ. ಕೇಳಿದಾಗಲೆಲ್ಲ "ಬರೋ ಶುಕ್ರವಾರ" ಎನ್ನುತ್ತಿದ್ದ. ಅಂಗಡಿ ಬ್ಯಾಂಕಿನಲ್ಲಿ ಅಡವಿತ್ತು. ಜೂನ್ ಒಳಗೆ ಕಟ್ಟದಿದ್ದರೆ ಹರಾಜು.

ಖಾಸಗಿ ಕಟ್ಟಡವಾಗಿದ್ದರೆ ನೋಂದಣಿ ಕಚೇರಿಗೆ ಹೋಗಿ ಆ ಕಟ್ಟಡದ ಮೇಲೇ ನನ್ನ ಹಕ್ಕು ದಾಖಲಿಸಬಹುದಿತ್ತು. ಅದನ್ನು ತೀರಿಸದೆ ಮಾಲೀಕ ಮಾರುವಂತಿಲ್ಲ. ಸರಕಾರಿ ಶಾಲೆಯ ಮೇಲೆ ಹಾಗೆ ಕೈ ಹಾಕಲು ಬರುವುದಿಲ್ಲ. ಅದಕ್ಕೆ ಬದಲಾಗಿ ದೊಡ್ಡ ಕಂಟ್ರಾಕ್ಟರ್ ಒಂದು ಜಾಮೀನು ಕಂಪನಿಯಿಂದ ಬಾಂಡು ಕೊಡಿಸಿರುತ್ತಾನೆ. ಕೊನೆಯ ಲೋಡು ಹೋದ ದಿನದಿಂದ ಅರವತ್ತೈದು ದಿನದೊಳಗೆ ಆ ಕಂಟ್ರಾಕ್ಟರನಿಗೆ ಬರೆದು ತಿಳಿಸಿದರೆ ಆ ಬಾಂಡಿನಿಂದ ದುಡ್ಡು ಕೇಳಬಹುದು. ಒಂದು ದಿನ ತಪ್ಪಿದರೂ ಇಲ್ಲ.

ಎಂಟು ಶುಕ್ರವಾರ ಕಾದೆ. ಹಾಸಿಗೆಯಲ್ಲಿ ಮಲಗಿ ಬೆರಳಲ್ಲಿ ದಿನ ಎಣಿಸುವುದು, ಎದ್ದು ಕ್ಯಾಲೆಂಡರಿನಲ್ಲಿ ಮತ್ತೆ ಎಣಿಸುವುದು, ಒಂದು ದಿನ ಹೆಚ್ಚಾದರೆ ಬೆವರುವುದು.

"ಅವನ ಶುಕ್ರವಾರ ಬರೋದ್ರೊಳಗೆ ಈಸ್ಟರ್ ಬರುತ್ತೆ," ಎಂದಳು ಹೆಂಡತಿ. "ಬರೀರಿ ಮೊದ್ಲು."

ಐವತ್ತೊಂಬತ್ತನೆಯ ದಿನ ರಿಜಿಸ್ಟರ್ ಅಂಚೆಯಲ್ಲಿ ಬರೆದೆ. ತಲುಪಿದ ರಸೀದಿ ಬರುವವರೆಗೆ ದಿನಕ್ಕೆ ಮೂರು ಸಲ ಪೋಸ್ಟಿನವನನ್ನು ಹುಡುಕಿಕೊಂಡು ಹೋದೆ. ರಸೀದಿ ಬಂತು. ಹೊಸ ವರ್ಷ ಕಳೆದ ಮೇಲೆ ಜಾಮೀನು ಕಂಪನಿಯ ಉತ್ತರವೂ ಬಂತು. ಸಹಿ ಇರುವ ಚೀಟಿಗಳಿಗೆ ಒಂಬತ್ತು ಸಾವಿರ ಕೊಡುತ್ತಾರಂತೆ. ಉಳಿದ ಪೈಪು ಶಾಲೆಗೆ ಬಂದೇ ಇಲ್ಲ, ಗಿರಣಿಗೆ ಹೋಗಿದೆ ಎಂದು ನೊರ್ಬೆರ್ಟೊನೇ ಸಹಿ ಮಾಡಿ ಕೊಟ್ಟಿದ್ದಾನಂತೆ. ಕೊಡದೆ ಇರುತ್ತಾನೆಯೇ? ಜಾಮೀನು ಕಂಪನಿಯವರು ನನಗೆ ಕೊಟ್ಟದ್ದನ್ನು ಕೊನೆಗೆ ಅವನ ಮನೆ ಮಾರಿಸಿ ವಸೂಲು ಮಾಡುತ್ತಾರೆ. ಇತ್ತ ಗಿರಣಿಯ ಮೇಲೆ ಹಕ್ಕು ದಾಖಲಿಸೋಣವೆಂದರೆ ಅದರ ಗಡುವು ಮುಗಿದು ತಿಂಗಳಾಗಿತ್ತು.

ಅಂದು ಸಂಜೆಯೇ ಗಿಲ್ಡೊನ ಮನೆಗೆ ಹೋದೆ. ಮೂರನೇ ಮಹಡಿ. ಅವನ ಹೆಂಡತಿ ಒದೀಲಿಯಾ ಸೊಪ್ಪಿನ ಸೂಪು ಬಡಿಸಿದಳು. ಗಿಲ್ಡೊ ಬಟ್ಟಲು ಹಿಡಿದುಕೊಂಡೇ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ತಿರುಗುತ್ತಿದ್ದ.

"ನೀನು ಪೈಪಿನ ಮೇಲೆ ಬರೀತೀಯಲ್ಲ, ಅದನ್ನ ಆ ಕಂಪನಿಯವರಿಗೆ ತೋರ್ಸು ಸಾಕು," ಎಂದೆ.

"ಆಗಲ್ಲ ಸೆನ್ಯೋರ್. ಇವಳ ಅಣ್ಣ ಅವ್ನು. ನಾಳೆ ಬೆಳಿಗ್ಗೆ ಗಿರಣೀಲಿ ಅವನ ಹತ್ರಾನೇ ಕೆಲ್ಸಕ್ಕೆ ಹೋಗ್ಬೇಕು. ಸೈ ಹಾಕಿಸ್ಕೊಳ್ಳಿ ಅಂತ ಹೇಳಿರ್ಲಿಲ್ವಾ ನಾನು?"

ನಾನೂ ಎದ್ದು ನಿಂತೆ. ಕೋಟು ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಹೊರಡುವಾಗ ಸಿಟ್ಟಿಗೆ ಜಾಮೀನು ಕಂಪನಿಯ ಕಾಗದವನ್ನು ಮೇಜಿನ ಮೇಲೆ ಎಸೆದೆ. "ಸರಿ ಬಿಡು. ಶಾಲೇಲಿ ಆ ಪೈಪು ಇಲ್ಲವೇ ಇಲ್ಲ ಅಂತ ನಿನ್ನ ಭಾವನೇ ಬರ್ಕೊಟ್ಟಿದ್ದಾನೆ. ನೋಡ್ಕೋ."

ಗಿಲ್ಡೊ ನಿಂತ. ಅವನು ಅಲುಗಾಡದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಇಲ್ವಾ? ಹಾಗಾದ್ರೆ ಒಂಬತ್ತು ತಿಂಗ್ಳು ನಾನೆಲ್ಲಿದ್ದೆ?"

ಒದೀಲಿಯಾ ಸೌಟು ಕೆಳಗಿಟ್ಟು ಕಾಗದವನ್ನು ಎರಡು ಸಲ ಓದಿದಳು. "ಆ ಚಳೀಲಿ ನಿಮ್ಮ ಕೈ ಬಿರಿದು ರಕ್ತ ಬರ್ತಿತ್ತು. ಮುಲಾಮು ಹಚ್ಚಿದ್ದು ನಾನು," ಎಂದಳು ಗಂಡನಿಗೆ. "ಹೋಗಿ ತೋರ್ಸಿ. ಅಣ್ಣನ ಹತ್ರ ನಾನು ಮಾತಾಡ್ತೀನಿ."

ಫೆಬ್ರವರಿ ರಜೆಯಲ್ಲಿ ಶಾಲೆ ಖಾಲಿಯಿದ್ದಾಗ ಹೋದೆವು. ಜಾಮೀನು ಕಂಪನಿಯಿಂದ ಬಂದವಳು ಮಿಸ್ ಹ್ಯಾಲೊರನ್; ಉದ್ದದ ಬಿಳಿ ಕೋಟು, ಕೈಯಲ್ಲಿ ಕ್ಯಾಮೆರಾ. ಶೌಚಾಲಯಗಳ ಹಿಂದೆ ಪೈಪುಗಳು ಹಾದುಹೋಗುವ ಕಿರಿದಾದ ಓಣಿ. ಒಬ್ಬರ ಹಿಂದೊಬ್ಬರು ಅಡ್ಡ ತಿರುಗಿ ನಡೆಯಬೇಕು. ಗಿಲ್ಡೊ ಪೈಪಿನ ಹೊದಿಕೆಯನ್ನು ಚಾಕುವಿನಿಂದ ಸೀಳಿ ಟಾರ್ಚು ಬಿಟ್ಟ. ಕಪ್ಪು ಅಕ್ಷರಗಳು ನಿನ್ನೆ ಬರೆದಂತೆ ನಿಂತಿದ್ದವು.

"ಓದಿ ಮಿಸ್ಟರ್ ರಪೋಸೊ," ಎಂದಳು ಆಕೆ. "ಫೋಟೋ ತೆಗೆದು ನಮ್ಮವರ ಹತ್ರಾನೂ ಓದಿಸ್ತೀನಿ."

"ಮಾರ್ಚ್ ಹದಿನಾಲ್ಕು. ಎರಡನೇ ಮಹಡಿ. ರಪೋಸೊ ಅಂಗಡಿಯ ಪೈಪು," ಎಂದು ಓದಿ ನಿಲ್ಲಿಸಿದೆ.

"ಇನ್ನೂ ಒಂದು ಸಾಲು ಇದೆಯಲ್ಲ?"

ಗಿಲ್ಡೊ ಗೋಡೆ ನೋಡುತ್ತ ನಿಂತಿದ್ದ. "ಪೂರ್ತಿ ಓದಿ ಸೆನ್ಯೋರ್."

ಓದಿದೆ. "ಎರಡು ದಿನ ತಡ. ಎಲ್ಬೋ ಬಿರುಕು, ನನ್ನ ಜೇಬಿಂದ ಬೇರೆ ತಂದೆ. ಮಾರಿದವನು..."

"ಮಾರಿದವನು?"

"ವ್ಯಾಪಾರಿ ಅಂತ ಬರೆದಿದ್ದಾನೆ."

"ಕಳ್ಳ, ಮೇಡಮ್," ಎಂದ ಗಿಲ್ಡೊ ತನ್ನ ಹರಕು ಇಂಗ್ಲಿಷಿನಲ್ಲಿ. "ಕಳ್ಳ ಅಂತ ಬರ್ದಿದೀನಿ."

ಮೂರು ಮಹಡಿ ಹತ್ತಿಳಿದೆವು. ಮೂವತ್ತೊಂದು ಕಡೆ ಹೊದಿಕೆ ಸೀಳಿದ. ಮೂವತ್ತೊಂದು ಕಡೆಯೂ ತಾರೀಕು, ಮಹಡಿ, ನನ್ನ ಹೆಸರು. ಹದಿನೇಳು ಕಡೆ ಬಿರಿದ ಎಲ್ಬೋವಿನ ದೂರು. ಜಿಪುಣ, ಹಳೇ ನರಿ, ಪೈಪು ಮಾರೋ ಪಾದ್ರಿ: ಒಂದೊಂದನ್ನೂ ನನ್ನ ಬಾಯಿಂದಲೇ ಗಟ್ಟಿಯಾಗಿ ಓದಿ ಹೇಳಬೇಕಾಯಿತು. ತಾರೀಕುಗಳೆಲ್ಲ ಸಹಿ ಇಲ್ಲದ ನನ್ನ ಚೀಟಿಗಳಿಗೆ ಹೊಂದಿದವು. ಮಿಸ್ ಹ್ಯಾಲೊರನ್ ಕೋಟಿನ ತೋಳಿಗೆ ಮೆತ್ತಿದ ಧೂಳು ಕೊಡವಿಕೊಂಡಳು.

"ಒಂದು ಮಾತು ಮಿಸ್ಟರ್ ರಪೋಸೊ. ಇದನ್ನ ನೀವೇ ಹೇಳಿ ಬರೆಸಿದ್ದು ಅಂತ ಮಾತ್ರ ಯಾರೂ ಅನ್ನೋಕಾಗಲ್ಲ."

ಏಪ್ರಿಲಿನಲ್ಲಿ ಚೆಕ್ಕು ಬಂತು. ಬಿರಿದ ಎಲ್ಬೋಗಳ ಬೆಲೆ ಕಳೆದಿದ್ದರು. ಬ್ಯಾಂಕಿಗೆ ಕಟ್ಟಿದೆ, ಅಂಗಡಿ ಉಳಿಯಿತು.

ನೊರ್ಬೆರ್ಟೊ ಫೆಬ್ರವರಿಯ ಆ ವಾರವೇ ಗಿಲ್ಡೊನನ್ನು ಗಿರಣಿಯ ಕೆಲಸದಿಂದ ಬಿಡಿಸಿದ್ದ. ಒದೀಲಿಯಾ ಅಣ್ಣನ ಹತ್ತಿರ ಮಾತಾಡಿದ್ದಳು. ಅದರ ನಂತರ ಎರಡೂ ಮನೆಯವರು ಚರ್ಚಿನಲ್ಲಿ ಬೇರೆ ಬೇರೆ ಬದಿಗೆ ಕೂರುತ್ತಾರೆ. ನಾನು ಗಿಲ್ಡೊಗೆ ಕೌಂಟರಿನ ಕೆಲಸ ಕೊಟ್ಟೆ. ಮೂರು ದಿನ ಇದ್ದ. ಗಿರಾಕಿಗೆ ಕೊಡುವ ಮೊದಲು ಒಂದೊಂದು ಎಲ್ಬೋವನ್ನೂ ದೀಪಕ್ಕೆ ಹಿಡಿದು, "ಇದನ್ನ ತಗೋಬೇಡಿ," ಎನ್ನುತ್ತಿದ್ದ. ನಾಲ್ಕನೇ ದಿನ ತಾನೇ ಬರಲಿಲ್ಲ. ಈಗ ನ್ಯೂ ಬೆಡ್‌ಫರ್ಡಿನಿಂದ ಟಾಂಟನ್ನಿನವರೆಗೆ ಸಿಕ್ಕ ಸಿಕ್ಕಲ್ಲಿ ದಿನಗೂಲಿ ಮಾಡುತ್ತಾನೆ. ವಾರದಲ್ಲಿ ಎರಡು ದಿನ ಕೆಲಸ ಇದ್ದರೆ ಮೂರು ದಿನ ಇರುವುದಿಲ್ಲ.

ಹದಿನೇಳು ಎಲ್ಬೋಗಳ ದುಡ್ಡನ್ನು ಮನೆಗೆ ಹೋಗಿ ಕೊಟ್ಟು ಬಂದೆ. ಎಣಿಸಿಕೊಂಡು, ಅವನ್ನು ತರಲು ಪ್ರಾವಿಡೆನ್ಸಿಗೆ ಹೋಗಿ ಬಂದ ಬಸ್ ಚಾರ್ಜೂ ಸೇರಿಸಿ ತೆಗೆದುಕೊಂಡ. ಅದು ತೀರಿತು. ಒಂದು ಖಾಯಂ ಕೆಲಸ ನಾನು ಅವನಿಗೆ ಕೊಡಿಸುವುದು ಇನ್ನೂ ಬಾಕಿ ಇದೆ.