ಜರ್ಬೆರಾ ಮಡಿಯಲ್ಲಿ ರೋಟವೇಟರ್

ಅಣ್ಣ ನನ್ನನ್ನು ಕೊನೆಯ ಸಲ ಹೊಡೆದದ್ದು ಹೂವಿನ ವಿಷಯಕ್ಕೆ. ಆಗ ನನಗೆ ಐವತ್ತು ದಾಟಿತ್ತು, ಬಿ.ಪಿ. ಮಾತ್ರೆ ಜೇಬಿನಲ್ಲೇ ಇತ್ತು. ಬಳ್ಳಾರಿಯ ಮನೆಯಿಂದ ಕುರುಗೋಡಿನ ಹೊಲಕ್ಕೆ ಹೊರಟರೆ, ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸು ಬರುವ ಮನುಷ್ಯ ನಾನು. ಅಂಥವನು ಟ್ರ್ಯಾಕ್ಟರಿನ ಮುಂದೆ ನಿಂತೆನೆಂದರೆ ಅದು ಧೈರ್ಯವಲ್ಲ, ಕಾಲು ಏಳದೆ ಹೋದದ್ದು.

ಹೊಲ ಇಬ್ಬರದೂ. ಅದರ ಮೂಲೆಯಲ್ಲಿ ನೆರಳು ಪರದೆ ಕಟ್ಟಿ ಜರ್ಬೆರಾ ಹೂ ಹಾಕೋಣ ಎಂದವನು ನಾನು. ಲ್ಯಾಬಿನ ಬಾಟಲಿಯೊಳಗೆ ಹುಟ್ಟಿದ ಅಂಗಾಂಶ ಕೃಷಿಯ ಸಸಿಗಳು ಅವು. ಬೇರು ಎಳೆಗೂಸಿನ ಕರುಳಿನಷ್ಟು ನಾಜೂಕು. ಸಸಿ ಕೊಟ್ಟವರು ಒಂದೇ ಮಾತು ಒತ್ತಿ ಹೇಳಿದ್ದರು: ಎಲೆ ಕಟ್ಟುವವರೆಗೆ ಸಾರಜನಕ ಹದವಾಗಿ ಕೊಡಿ, ಆಮೇಲೆ ಇಳಿಸಿ ಪೊಟ್ಯಾಶ್ ಏರಿಸಿ; ಇಲ್ಲವಾದರೆ ಗಿಡ ಎಲೆ ಬಿಡುವುದನ್ನೇ ಚಟ ಮಾಡಿಕೊಂಡು ಹೂವನ್ನು ಮರೆಯುತ್ತದೆ.

ಅಣ್ಣನದು ಸಿರುಗುಪ್ಪದ ಭತ್ತದ ಕೈ. ಕಾಲುವೆ ನೀರು ಹಾಯಿಸಿದ ಗದ್ದೆಗೆ ಯೂರಿಯಾ ಎರಚಿ, ಪೈರು ಕಪ್ಪು ಹಸಿರಿಗೆ ತಿರುಗಿದ ಮೇಲೇ ಅವನಿಗೆ ಊಟ ರುಚಿಸುವುದು. ಆ ಕೈ ಇಲ್ಲಿಯೂ ಬೀಸಿತು. ಕೆಲವು ಸಸಿ ಬೇರು ಸುಟ್ಟು ಸತ್ತವು. ಉಳಿದವು ಪೈಲ್ವಾನರಂತೆ ಉಬ್ಬಿದವು. ಎಲೆಯ ಮೇಲೆ ಎಲೆ, ಬುಡಕ್ಕೆ ಬೆಳಕಿಲ್ಲ, ಹೂವಿನ ಸುಳಿವಿಲ್ಲ. ಯೂರಿಯಾ ಸಾಕು ಎಂದೆ. ಅವನು ಅರ್ಧ ತುಂಬಿದ ಚೀಲವನ್ನು ನನ್ನ ಎದೆಗೆ ಎಸೆದ.

ವಾದ ಬಿಟ್ಟು ಕಳ್ಳತನ ಹಿಡಿದೆ. ಅವನು ಭತ್ತದ ಸುಗ್ಗಿಗೆ ಹೋದದ್ದೇ ತಡ, ಚೀಲಗಳನ್ನು ಬಾದನಹಟ್ಟಿಯ ಪರಿಚಯದವರ ಮನೆಗೆ ಸಾಗಿಸಿದೆ. ಡ್ರಿಪ್ಪಿನಲ್ಲಿ ನೈಟ್ರೇಟ್ ಗೊಬ್ಬರ ಚೂರೇ ಚೂರು, ಪೊಟ್ಯಾಶ್ ಧಾರಾಳ ಬಿಟ್ಟೆ. ಎಲೆಗಳ ಕಪ್ಪು ಇಳಿಯಿತು.

ಅನಾಹುತವಾದದ್ದೇ ಅದರಿಂದ. ಅಣ್ಣನ ಕಣ್ಣಿಗೆ ತಿಳಿ ಹಸಿರೆಂದರೆ ಉಪವಾಸ. ಸುಗ್ಗಿ ಮುಗಿಸಿ ಬಂದವನು ಪರದೆಯಾಚೆಯಿಂದ ಇಣುಕಿ ನೋಡಿ, ನೇರ ಟ್ರ್ಯಾಕ್ಟರ್ ಹತ್ತಿದ. ಸಿಟ್ಟು ನೆತ್ತಿಗೇರಿದರೆ ಅವನ ಬೈಗುಳ ತೆಲುಗಿಗೆ ಹೊರಳುತ್ತದೆ. ಅಂದು ತೆಲುಗು ಗೇಟಿನಿಂದಲೇ ಕೇಳಿಸಿತು. ಕಂಬ ಮುರಿದು, ಪರದೆಯನ್ನು ಹರಿದು ಮೈಮೇಲೆ ಹೊದ್ದುಕೊಂಡೇ ಟ್ರ್ಯಾಕ್ಟರ್ ಒಳಗೆ, ಮಡಿಯ ತುದಿಯಲ್ಲಿ ನಿಂತಿದ್ದ ನನ್ನೆದುರಿಗೇ ಬಂತು.

“ಹೊಟ್ಟಿಗಿ ಹಾಕದ ಸಾಯಿಸೀಯಲ್ಲಲೇ ಇವನ್ನ. ಸರಿ ಆಕಡಿ. ಎಲ್ಲಾ ಹೊಡದು ಮೆಣಸಿನಗಿಡ ಹಚ್ಚತೀನಿ.”

“ಅಣ್ಣ, ಬ್ಯಾಡ. ಇನ್ನೊಂದೀಟು ದಿನ ತಡಿ.”

ಇಳಿದು ಬಂದು ಎಡಗೆನ್ನೆಗೆ, ಕಿವಿ ಸೇರಿಸಿ ಬಿಗಿದ. ಕನ್ನಡಕ ಎಲ್ಲಿಗೋ ಹಾರಿತು. ಅವನು ಮತ್ತೆ ಟ್ರ್ಯಾಕ್ಟರ್ ಹತ್ತಿ, ಹಿಂದೆ ಕಟ್ಟಿದ್ದ ಮಣ್ಣು ಕೊಚ್ಚುವ ರೋಟವೇಟರನ್ನು ಇಳಿಸಿದ್ದು ನನಗೆ ಸದ್ದಿನಿಂದಲೇ ತಿಳಿಯಿತು. ಎಲೆ, ಬೇರು, ಮಣ್ಣು ಮುಖಕ್ಕೆ ರಾಚಿದವು. ನಾನು ಚೀರುತ್ತಿದ್ದೆ, ಗಿಡಗಳಿಗಾಗಿಯೋ ಕನ್ನಡಕಕ್ಕಾಗಿಯೋ ಇಂದಿಗೂ ಖಾತ್ರಿಯಿಲ್ಲ. ಎರಡು ಮಡಿ ಸೀಳಿ ಹೋದವು. ಮೂರನೆಯದರಲ್ಲಿ ಡ್ರಿಪ್ ಪೈಪು ಅಲಗಿಗೆ ಸುತ್ತಿಕೊಂಡು ಯಂತ್ರ ಕಿರುಗುಟ್ಟಿ ನಿಂತಿತು.

ಅಣ್ಣ ಕುಡುಗೋಲು ಹಿಡಿದು ಮಂಡಿಯೂರಿದ. ಪೈಪು ಕತ್ತರಿಸಲು ಎಲೆಗಳನ್ನು ಸರಿಸಿದವನ ಕೈ ಅಲ್ಲೇ ನಿಂತಿತು.

“ಇದೇನಲೇ, ಬುಡದಾಗ ಅಂಗಿ ಗುಂಡಿಗತೆ?”

ಕನ್ನಡಕ ಹುಡುಕಿಕೊಂಡು ಬಂದು ಬಗ್ಗಿ ನೋಡಿದೆ.

“ಮೊಗ್ಗು,” ಎಂದೆ.

ಅವನು ಪಕ್ಕದ ಗಿಡ ಬಗೆದ. ಅದರ ಪಕ್ಕದ್ದನ್ನೂ. ಎಲ್ಲದರ ಬುಡದಲ್ಲೂ ಇದ್ದವು. ಸೀಳಿ ಹೋದ ಮಡಿಗಳ ಕಡೆ ಒಮ್ಮೆ ನೋಡಿ, ಎದ್ದು ನಿಂತು ನನಗೆ ಇನ್ನೊಂದು ಬಿಗಿದ.

“ಮೊದ್ಲ ಬೊಗಳಾಕ ಏನಾಗಿತ್ತು ನಿನಗ?”

ನನಗೂ ಗೊತ್ತಿರಲಿಲ್ಲ. ಮೊಗ್ಗು ಇಲ್ಲದಿದ್ದರೆ ಏನು ಗತಿ ಎಂಬ ಭಯಕ್ಕೆ ನಾನು ಎಲೆ ಸರಿಸಿ ನೋಡಿಯೇ ಇರಲಿಲ್ಲ.

ಉಳಿದ ಮಡಿಗಳು ಕೆಂಪಗೆ ಅರಳಿದವು. ಅಣ್ಣ ಅಲ್ಲಿಗೆ ಮತ್ತೆ ಯೂರಿಯಾ ತರಲಿಲ್ಲ. ಆದರೆ ಟ್ರ್ಯಾಕ್ಟರಿನ ಹೆದರಿಕೆಗೆ ಹೂ ಬಿಟ್ಟವೆಂದು ಸಿರುಗುಪ್ಪದ ರೈಸ್ ಮಿಲ್ಲಿನಲ್ಲೆಲ್ಲ ಹೇಳಿಕೊಂಡು ಬಂದ. ಈಗಲೂ ಹೂ ತಡವಾದರೆ ಪರದೆಯ ಹೊರಗೆ ಎಂಜಿನ್ ಚಾಲೂ ಮಾಡಿ ಗುರ್ ಎನ್ನಿಸುತ್ತಾನೆ. ಗಿಡಗಳಿಗೆ ಕೇಳಿಸುತ್ತದೋ ಏನೋ. ನಾನಂತೂ ಎಡಗಿವಿ ಮುಚ್ಚಿಕೊಂಡು, ಪ್ರತಿ ಗಿಡದ ಬುಡ ಬಗೆದು ನೋಡುತ್ತ ಹೊರಡುತ್ತೇನೆ.